ಫೀಸೂ ಏರಿತು, ಬಾಡಿಗೆಯೂ ಏರಿತು: ಬೆಂಗಳೂರಿಗೆ ಓದಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಮನೆಯಲ್ಲಿ ಒಂದೇ ಮಾತು: ಯಾವ ಕಾಲೇಜು, ಯಾವ ಬ್ರಾಂಚು, ಫೀಸು ಎಷ್ಟು. ಎಲ್ಲಿ ಇರೋದು, ಎಲ್ಲಿ ಊಟ ಮಾಡೋದು ಅನ್ನುವ ಮಾತು ಸೀಟು ಖಾತ್ರಿಯಾದ ಮೇಲೆ ಬರುತ್ತೆ. ಅಷ್ಟೊತ್ತಿಗೆ ಕೈಯಲ್ಲಿದ್ದ ದುಡ್ಡು ಕಾಲೇಜಿಗೆ ಹೋಗಿರುತ್ತೆ. ಆ ಮಾತನ್ನು ಮೊದಲೇ ಆಡಲಿ ಅಂತ ಈ ಪುಟ. ಜಿಲ್ಲೆಗಳಿಂದ ಬರುವ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ.

ಫೀಸು ನಿಜಕ್ಕೂ ಅಷ್ಟೊಂದು ಏರಿದೆಯಾ?

ಏರಿದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ 2024-25ರಲ್ಲಿ ಶೇ 10ರಷ್ಟು, 2025-26ರಲ್ಲಿ ಶೇ 7.5ರಷ್ಟು ಫೀಸು ಹೆಚ್ಚಿಸಲು ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಂದರೆ ಎರಡೇ ವರ್ಷದಲ್ಲಿ 100 ರೂಪಾಯಿ ಇದ್ದದ್ದು 118 ದಾಟಿತು. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ಕಾಲೇಜಿನವರು ಕೇಳುವ ಇತರೆ ಶುಲ್ಕಗಳನ್ನೂ ಸೇರಿಸಿದರೆ ವರ್ಷಕ್ಕೆ ಲಕ್ಷದ ಆಸುಪಾಸು ಬಂದು ನಿಲ್ಲುತ್ತೆ. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆ) ಸೀಟಾದರೆ ಎರಡು ಲಕ್ಷದ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿನ ಕಥೆಯೇ ಬೇರೆ.

ಫೀಸು ಏರಿಸೋದು ಕಾಲೇಜು. ಬಾಡಿಗೆ ಯಾಕೆ ಅದರ ಜೊತೆಗೇ ಏರುತ್ತೆ?

ಎರಡಕ್ಕೂ ನೇರ ನಂಟಿಲ್ಲ. ಆದರೆ ಎರಡೂ ಒಂದೇ ಜೇಬಿಗೆ ಕೈ ಹಾಕುತ್ತವೆ.

ಬೆಂಗಳೂರಿನಲ್ಲಿ ವಿದ್ಯಾರ್ಥಿಗೂ ಕೆಲಸ ಮಾಡುವವರಿಗೂ ಬೇರೆ ಬೇರೆ ಪಿಜಿ (ಮಂಚದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪೇಯಿಂಗ್ ಗೆಸ್ಟ್ ವಸತಿ) ಅಂತ ಸಾಮಾನ್ಯವಾಗಿ ಇರೋದಿಲ್ಲ. ಐಟಿ ಕಂಪನಿಯಲ್ಲಿ ಸಂಬಳ ತರುವವನೂ, ಅಪ್ಪನ ಹತ್ತಿರ ಖರ್ಚಿಗೆ ಕೇಳುವವನೂ ಒಂದೇ ಮಂಚಕ್ಕೆ ಪೈಪೋಟಿ ಮಾಡಬೇಕು. ರೇಟು ನಿಲ್ಲೋದು ಸಂಬಳದವನ ಲೆಕ್ಕಕ್ಕೆ. ಇನ್ನೊಂದು ವಿಷಯ, ಎಷ್ಟೋ ಪಿಜಿಗಳಲ್ಲಿ ನಡೆಸುವವರು ಬೇರೆ, ಕಟ್ಟಡದ ಮಾಲೀಕರು ಬೇರೆ. ನಡೆಸುವವರು ಇಡೀ ಕಟ್ಟಡವನ್ನು ಬಾಡಿಗೆಗೆ ಹಿಡಿದಿರುತ್ತಾರೆ. ಕಟ್ಟಡದ ಬಾಡಿಗೆ ಏರಿದಾಗ ಒಂದೊಂದು ಮಂಚದ ಬಾಡಿಗೆಯೂ ಏರುತ್ತೆ. 2024ರ ಬೇಸಿಗೆಯ ನೀರಿನ ಬರ ನೆನಪಿದೆ ಅಲ್ವಾ? ಟ್ಯಾಂಕರ್ ರೇಟು ಏರಿದಾಗ ಅದರ ಭಾರವೂ ಬಾಡಿಗೆದಾರರ ಮೇಲೆಯೇ ಬಿತ್ತು.

ಇದೆಲ್ಲದರ ಕೆಳಗಿರುವ ಕಾರಣ ಒಂದೇ. ಸೀಟು ಹೆಚ್ಚಿಸುವಾಗ ಅಷ್ಟೇ ಹಾಸ್ಟೆಲ್ ಮಂಚ ಹೆಚ್ಚಿಸಬೇಕು ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಓದುವ ಜಾಗದ ಹಾಗೆ ಮಲಗುವ ಜಾಗವೂ ಶಿಕ್ಷಣದ ಭಾಗವೇ ಅಂತ ನಾನು ನಂಬಿದ್ದೇನೆ. ಈಗ ಅದನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟುಬಿಟ್ಟಿದ್ದೇವೆ.

ನಾಲ್ಕು ವರ್ಷಕ್ಕೆ ಇರೋದಕ್ಕೆ, ಊಟಕ್ಕೆ ಒಟ್ಟು ಎಷ್ಟಾಗುತ್ತೆ?

ಒಂದು ಲೆಕ್ಕ ಹಾಕೋಣ. ಊಟ ಸೇರಿ ತ್ರೀ ಶೇರಿಂಗ್ (ಒಂದು ರೂಮಿಗೆ ಮೂವರು) ಪಿಜಿಗೆ ತಿಂಗಳಿಗೆ 9,000 ಅಂತ ಇಟ್ಟುಕೊಳ್ಳಿ. ಏರಿಯಾ ನೋಡಿಕೊಂಡು ಇದಕ್ಕಿಂತ ಕಡಿಮೆಗೂ ಸಿಗುತ್ತೆ, ಜಾಸ್ತಿಗೂ ಸಿಗುತ್ತೆ. ಮೊದಲ ವರ್ಷಕ್ಕೆ 1,08,000 ಆಯಿತು. ಪ್ರತಿ ವರ್ಷ ಶೇ 5ರಷ್ಟು ಏರಿದರೆ ನಾಲ್ಕು ವರ್ಷಕ್ಕೆ ಸುಮಾರು 4,65,000. ಇದರಲ್ಲಿ ಅಡ್ವಾನ್ಸ್ ಇಲ್ಲ, ಬಸ್ಸು ಮೆಟ್ರೊ ಇಲ್ಲ, ಭಾನುವಾರ ರಾತ್ರಿ ಪಿಜಿಯಲ್ಲಿ ಅಡುಗೆ ಇಲ್ಲದಾಗ ಹೊರಗೆ ತಿನ್ನುವ ಖರ್ಚಿಲ್ಲ, ಹಬ್ಬಕ್ಕೆ ಊರಿಗೆ ಹೋಗಿ ಬರುವ ಚಾರ್ಜೂ ಇಲ್ಲ.

ಈಗ ಪಕ್ಕದಲ್ಲಿ ಸಿಇಟಿ ಸೀಟಿನ ನಾಲ್ಕು ವರ್ಷದ ಫೀಸು ಬರೆಯಿರಿ. ಎಷ್ಟೋ ಮನೆಗಳಲ್ಲಿ ಫೀಸಿಗಿಂತ ವಸತಿಯ ಖರ್ಚೇ ಜಾಸ್ತಿ ಬರುತ್ತೆ. ಇದನ್ನು ನೋಡಿ ಗಾಬರಿಯಾಗುವವರು ಬಹಳ ಜನ. ಗಾಬರಿ ಆಗೋದಾದರೆ ಮೇ ತಿಂಗಳಲ್ಲೇ ಆಗಲಿ. ಸೆಪ್ಟೆಂಬರ್‌ನಲ್ಲಿ ಆದರೆ ದಾರಿ ಉಳಿದಿರೋದಿಲ್ಲ.

ಹಾಗಾದರೆ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ಕೊಡೋದು) ಮಾಡುವಾಗಲೇ ಇದನ್ನು ನೋಡಬೇಕಾ?

ಖಂಡಿತ ನೋಡಬೇಕು. ನಾನು ಎಲ್ಲರಿಗೂ ಹೇಳೋದು ಇದೊಂದೇ ಮಾತು. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಕಾಲೇಜುಗಳ ಪಟ್ಟಿ ಮಾಡುವ ಮುಂಚೆ ಒಂದು ಹಾಳೆ ತಗೊಳ್ಳಿ. ಪ್ರತಿ ಕಾಲೇಜಿನ ಮುಂದೆ ಮೂರು ಅಂಕಿ ಬರೆಯಿರಿ: ವರ್ಷದ ಫೀಸು, ವರ್ಷದ ವಸತಿ ಮತ್ತು ಊಟ, ವರ್ಷದ ಓಡಾಟ. ಮೂರನ್ನೂ ಕೂಡಿಸಿ. ಆಮೇಲೆ ಕಾಲೇಜುಗಳನ್ನು ಜೋಡಿಸಿ.

ಹೀಗೆ ಮಾಡಿದಾಗ ಪಟ್ಟಿಯ ಕ್ರಮ ಬದಲಾಗುತ್ತೆ. ಮೈಸೂರು, ದಾವಣಗೆರೆ, ಹುಬ್ಬಳ್ಳಿ, ಹಾಸನದ ಒಳ್ಳೆ ಕಾಲೇಜುಗಳು ಮೇಲೆ ಬರುತ್ತವೆ. ಬೆಂಗಳೂರಿನ ಹೊರವಲಯದ, ಹೆಸರೇ ಕೇಳಿರದ ಕಾಲೇಜುಗಳು ಕೆಳಗೆ ಹೋಗುತ್ತವೆ. ಬೆಂಗಳೂರು ಅನ್ನುವ ಹೆಸರಿಗಾಗಿಯೇ ಅಂಥ ಕಾಲೇಜಿಗೆ ಸೇರಿಸಿ, ವರ್ಷಕ್ಕೆ ಲಕ್ಷ ಬಾಡಿಗೆ ಕಟ್ಟೋದರಲ್ಲಿ ಅರ್ಥವಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಿನಲ್ಲೇ ಓದುವ ಆಸೆಯಿದ್ದರೆ ಸರ್ಕಾರಿ ಕಾಲೇಜು ಅಥವಾ ನಿಜವಾಗಿ ಮೇಲ್ಮಟ್ಟದ ಕಾಲೇಜು ಸಿಗುತ್ತಾ ನೋಡಿ. ಮಾಕ್ ಅಲಾಟ್‌ಮೆಂಟ್ ಬಂದಾಗ ನಿಮ್ಮ ರ‍್ಯಾಂಕಿಗೆ ಏನು ಸಿಗಬಹುದು ಅನ್ನುವ ಅಂದಾಜು ಸಿಗುತ್ತೆ. ಪಟ್ಟಿ ತಿದ್ದಿಕೊಳ್ಳಲು ಅದೇ ಸಮಯ.

ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಕೋಟಾವನ್ನೂ (ಕಡಿಮೆ ಆದಾಯದವರಿಗೆ ಇರುವ ಹೆಚ್ಚುವರಿ ಸೀಟುಗಳು) ಮರೆಯಬೇಡಿ. ಅದರಲ್ಲಿ ಬೋಧನಾ ಶುಲ್ಕ ಮನ್ನಾ ಆಗುತ್ತೆ. ಉಳಿದ ದುಡ್ಡು ವಸತಿಗೆ ಬರುತ್ತೆ.

ಕಾಲೇಜು ಹಾಸ್ಟೆಲ್, ಪಿಜಿ, ಬಾಡಿಗೆ ಮನೆ: ಯಾವುದು ಅಗ್ಗ?

ಖಾಸಗಿ ಕಾಲೇಜಿನ ಹಾಸ್ಟೆಲ್ ಬಹಳ ಸಲ ದುಬಾರಿ, ಅದೂ ವರ್ಷದ ದುಡ್ಡು ಒಂದೇ ಸಲ ಕಟ್ಟಬೇಕು. ಮಧ್ಯದಲ್ಲಿ ಬಿಟ್ಟರೆ ವಾಪಸ್ ಬರೋದು ಕಷ್ಟ. ಆದರೆ ಓಡಾಟದ ಖರ್ಚಿಲ್ಲ, ಮೊದಲ ವರ್ಷದ ಮಕ್ಕಳಿಗೆ ಸುರಕ್ಷಿತ. ಕಟ್ಟುವ ಮುಂಚೆ ರೀಫಂಡ್ ನಿಯಮವನ್ನು ಬರಹದಲ್ಲಿ ಕೇಳಿ.

ಪಿಜಿಯಲ್ಲಿ ಕೈಗೆ ಬರುವ ಮೊದಲ ಬಿಲ್ಲು ಕಡಿಮೆ. ಒಂದು ತಿಂಗಳ ಬಾಡಿಗೆ, ಜೊತೆಗೆ ಸಣ್ಣ ಅಡ್ವಾನ್ಸ್. ಹಿಡಿಸದಿದ್ದರೆ ಬಿಟ್ಟು ಹೋಗಬಹುದು.

ಎರಡನೇ ವರ್ಷದಿಂದ ಮೂರು ನಾಲ್ಕು ಜನ ಸೇರಿ ಮನೆ ಮಾಡೋದು ಹೆಚ್ಚಾಗಿ ಎಲ್ಲಕ್ಕಿಂತ ಅಗ್ಗ. 20,000 ಬಾಡಿಗೆಯ ಎರಡು ಬೆಡ್‌ರೂಮಿನ ಮನೆಯಲ್ಲಿ ನಾಲ್ವರಿದ್ದರೆ ತಲೆಗೆ 5,000. ಅಡುಗೆ ಮಾಡಿಕೊಂಡರೆ ಊಟಕ್ಕೆ ಇನ್ನೊಂದು ಮೂರು ಸಾವಿರ. ತೊಡಕು ಇರೋದು ಅಡ್ವಾನ್ಸಿನಲ್ಲಿ. ಐದು ತಿಂಗಳ ಅಡ್ವಾನ್ಸ್ ಕೇಳಿದರೆ ಒಂದೇ ಸಲ ಲಕ್ಷ ಹೊಂದಿಸಬೇಕು, ತಲೆಗೆ 25,000. ಬ್ರೋಕರ್ ಮೂಲಕ ಹೋದರೆ ಅವರಿಗೆ ಒಂದು ತಿಂಗಳ ಬಾಡಿಗೆ ಬೇರೆ. ಹಾಗಾಗಿ ಟು-ಲೆಟ್ ಬೋರ್ಡ್ ನೋಡಿಕೊಂಡು ಬೀದಿ ಬೀದಿ ತಿರುಗೋದು, ಕಾಲೇಜಿನ ಸೀನಿಯರ್‌ಗಳು ಖಾಲಿ ಮಾಡುವ ಮನೆಯನ್ನೇ ಹಿಡಿಯೋದು ಒಳ್ಳೇದು. ಫೈನಲ್ ಇಯರ್‌ನವರು ಮೇ, ಜೂನ್‌ನಲ್ಲಿ ಖಾಲಿ ಮಾಡುತ್ತಾರೆ.

ಗ್ಯಾಸಿನ ಚಿಂತೆ ಬೇಡ. ಐದು ಕೆಜಿಯ ಸಣ್ಣ ಸಿಲಿಂಡರನ್ನು ವಿಳಾಸದ ದಾಖಲೆ ಇಲ್ಲದೆ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಇಂಡಿಯನ್ ಆಯಿಲ್‌ನವರು ಅದನ್ನು 'ಛೋಟು' ಅಂತ ಮಾರುತ್ತಾರೆ.

ಪಿಜಿ ನೋಡೋಕೆ ಹೋದಾಗ ಏನನ್ನು ಗಮನಿಸಬೇಕು?

ಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಏಳೂವರೆಗೆ ಹೋಗಿ. ಆಗ ಪಿಜಿಯ ನಿಜವಾದ ಸ್ಥಿತಿ ಕಾಣುತ್ತೆ. ಬಾತ್‌ರೂಮಿನ ಮುಂದೆ ಬಕೆಟ್ ಹಿಡಿದು ಎಷ್ಟು ಜನ ನಿಂತಿದ್ದಾರೆ ನೋಡಿ. ಗೀಸರ್‌ಗೆ ಟೈಮಿಂಗ್ ಇದೆಯಾ ಕೇಳಿ. ಡೈನಿಂಗ್ ಟೇಬಲ್ ಮೇಲಿನ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೆದು ತಿಂಡಿ ನೋಡಿ. ಎಂಟಕ್ಕೇ ಪಲಾವ್ ತಳ ಕಂಡಿದ್ದರೆ ಎಂಟೂವರೆಗೆ ಬರುವವರಿಗೆ ಏನೂ ಇಲ್ಲ ಅಂತ ಅರ್ಥ. ರೂಮಿಗೆ ಹೋಗಿ ಕಿಟಕಿ ತೆಗೆಯಿರಿ. ಕೈ ಚಾಚಿದರೆ ಪಕ್ಕದ ಬಿಲ್ಡಿಂಗಿನ ಗೋಡೆ ಸಿಗುವ ರೂಮುಗಳು ಬೇಕಾದಷ್ಟಿವೆ. ಅಂಥ ರೂಮಿನಲ್ಲಿ ಹಗಲೂ ಲೈಟ್ ಹಾಕಿಕೊಂಡೇ ಓದಬೇಕು. ಪ್ಲಗ್ ಪಾಯಿಂಟ್ ಎಷ್ಟಿವೆ, ಕೂತು ಬರೆಯಲು ಟೇಬಲ್ ಇದೆಯಾ, ಬೀರುವಿಗೆ ಬೀಗ ಇದೆಯಾ, ಇದನ್ನೂ ನೋಡಿ. ಈಗಾಗಲೇ ಅಲ್ಲಿರುವ ಒಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡಿಸಿ. ಅವರು ಎರಡೇ ನಿಮಿಷದಲ್ಲಿ ಎಲ್ಲಾ ಹೇಳಿಬಿಡುತ್ತಾರೆ.

ನಿಯಮದ ವಿಷಯಕ್ಕೆ ಬರೋಣ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಿಸಿಟಿವಿ ಇರಬೇಕು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಸಿಗಬೇಕು. ಹಗಲು ರಾತ್ರಿ ಕಾವಲಿಗೆ ಜನ ಬೇಕು. ಅಡುಗೆಮನೆ ಇದ್ದರೆ ಆಹಾರ ಸುರಕ್ಷತೆಯ ಲೈಸೆನ್ಸ್ ಬೇಕು. ಈಗ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಹತ್ತಡಿಗೆ ಹತ್ತಡಿಯ ರೂಮಿನಲ್ಲಿ ಮೂರು ಮಂಚ ಹಾಕಿದ್ದರೆ ತಲೆಗೆ 33 ಚದರ ಅಡಿ. ನೀವೇ ಲೆಕ್ಕ ಹಾಕಿ. ಟೇಪ್ ತಗೊಂಡು ಹೋಗಿ ಅಳತೆ ಮಾಡಿದರೆ ಯಾರೂ ಬೇಡ ಅನ್ನೋಕಾಗಲ್ಲ.

ಪಿಜಿಯವರು ಜಿಎಸ್‌ಟಿ ಸೇರಿಸಿ ಬಿಲ್ ಕೊಟ್ಟಿದ್ದಾರೆ. ಕಟ್ಟಬೇಕಾ?

ಸಾಮಾನ್ಯವಾಗಿ ಬೇಡ. 2023ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಪಿಜಿ ಬಾಡಿಗೆಗೆ ಶೇ 12 ಜಿಎಸ್‌ಟಿ ಅನ್ವಯಿಸುತ್ತೆ ಅನ್ನುವ ತೀರ್ಮಾನ ಬಂದು ಗೊಂದಲ ಆಗಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಅದನ್ನು ಬಗೆಹರಿಸಿತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ಹಾಸ್ಟೆಲ್ ವಸತಿಗೆ, ಸತತ 90 ದಿನವಾದರೂ ಉಳಿದುಕೊಂಡರೆ, ತೆರಿಗೆ ಇಲ್ಲ. ಆ ವರ್ಷದ ಜುಲೈನಿಂದ ಇದು ಜಾರಿಯಲ್ಲಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಕಂಡರೆ ಯಾಕೆ ಅಂತ ಕೇಳಿ, ನೋಂದಣಿ ಸಂಖ್ಯೆ ತೋರಿಸಲು ಹೇಳಿ.

ಅಡ್ವಾನ್ಸ್ ಎಷ್ಟು ಕೇಳಬಹುದು ಅನ್ನೋದಕ್ಕೆ ಕಾನೂನಿಲ್ಲವಾ?

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿಕೊಂಡರೆ ಜಾರಿ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸೋದೇ ಇಲ್ಲ. ಬೆಂಗಳೂರಿನಲ್ಲಿ 3,500ಕ್ಕೆ ಮನೆ ಎಲ್ಲಿದೆ? ಹಾಗಾಗಿ ಅಡ್ವಾನ್ಸ್ ಪೂರ್ತಿ ಮಾತುಕತೆಯ ವಿಷಯ. ಹತ್ತು ತಿಂಗಳ ಅಡ್ವಾನ್ಸ್ ಹಳೇ ಪದ್ಧತಿ. ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ ಜನ ಇದ್ದಾರೆ. ಧೈರ್ಯವಾಗಿ ಚೌಕಾಸಿ ಮಾಡಿ.

ಅಗ್ರಿಮೆಂಟ್ ಬೇಕೇ ಬೇಕಾ? ಅದರಲ್ಲಿ ಏನಿರಬೇಕು?

ಬೇಕೇ ಬೇಕು. ಕಾನೂನಿನ ನೆರಳು ಕಡಿಮೆ ಇರುವಲ್ಲಿ ಕಾಗದವೇ ನಿಮ್ಮ ರಕ್ಷಣೆ. ಒಂದು ವರ್ಷ ಮೀರುವ ಬಾಡಿಗೆ ಕರಾರಿಗೆ ನೋಂದಣಿ ಬೇಕಾಗುವುದರಿಂದ 11 ತಿಂಗಳಿಗೆ ಬರೆಸುವ ರೂಢಿ ಬಂದಿದೆ. ವಾಸದ ಮನೆಗೆ ಇಂಥ ಕರಾರಿನ ಮುದ್ರಾಂಕ ಶುಲ್ಕ ಹೆಚ್ಚೆಂದರೆ 500 ರೂಪಾಯಿ. ಅದನ್ನು ಉಳಿಸಲು ಹೋಗಬೇಡಿ.

ನಾಲ್ಕು ಸಾಲು ಸ್ಪಷ್ಟವಾಗಿರಲಿ. ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನದಲ್ಲಿ ವಾಪಸ್. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ (ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ). ನೋಟಿಸ್ ಎಷ್ಟು ದಿನ. ಮುಂದಿನ ವರ್ಷ ಎಷ್ಟು ಪರ್ಸೆಂಟ್ ಏರಿಕೆ. ನಾಲ್ವರು ಇರುವುದಾದರೆ ನಾಲ್ವರ ಹೆಸರೂ ಇರಲಿ. ಒಬ್ಬನ ಹೆಸರಲ್ಲಿ ಬರೆಸಿ, ಉಳಿದವರು ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಬಾಡಿಗೆ ಅವನ ತಲೆ ಮೇಲೆ ಬೀಳುತ್ತೆ.

ದುಡ್ಡನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ.

ಸರ್ಕಾರಿ ಹಾಸ್ಟೆಲ್ ಸಿಗುತ್ತಾ? ನಮಗೂ ಅರ್ಹತೆ ಇದೆಯಾ?

ಇದನ್ನು ಕೇಳದೆ ಪಿಜಿಗೆ ಅಡ್ವಾನ್ಸ್ ಕೊಟ್ಟುಬಿಡುವವರನ್ನು ನೋಡಿದರೆ ಸಂಕಟ ಆಗುತ್ತೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ಎಲ್ಲಾ ಇಲಾಖೆಗಳಿಗೂ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಊಟ, ವಸತಿ ಎರಡೂ ಉಚಿತ. ಅರ್ಜಿ ಹಾಕೋದು ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಆದಾಯ ಮಿತಿ ವರ್ಗದ ಮೇಲೆ ಬದಲಾಗುತ್ತೆ. ಮೆರಿಟ್ ಪಟ್ಟಿಯಲ್ಲಿ ಮೊದಲ ಸುತ್ತಿಗೆ ಹೆಸರು ಬರದಿದ್ದರೆ ಕೈಬಿಡಬೇಡಿ, ಮುಂದಿನ ಸುತ್ತನ್ನು ಕಾಯಿರಿ. ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸುತ್ತಿರಿ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 'ವಿದ್ಯಾಸಿರಿ' ಇದೆ. ಊಟ, ವಸತಿಗೆ ತಿಂಗಳಿಗೆ 1,500ರ ಹಾಗೆ ಹತ್ತು ತಿಂಗಳಿಗೆ 15,000 ಅಂತ ಶುರುವಾದ ಯೋಜನೆ ಇದು. ಒಂಬತ್ತು ಸಾವಿರದ ಪಿಜಿ ಮುಂದೆ 1,500 ಏನೂ ಅಲ್ಲ, ನಿಜ. ಬಾಡಿಗೆ ಏರಿದ ವೇಗಕ್ಕೆ ಇಂಥ ನೆರವೂ ಏರಬೇಕು ಅಂತ ಜೋರಾಗಿ ಕೇಳಬೇಕಾದ ಕಾಲ ಇದು. ಅರ್ಜಿಯನ್ನಂತೂ ಹಾಕಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಮಠಗಳ, ಸಮುದಾಯಗಳ ಹಾಸ್ಟೆಲ್‌ಗಳು ಈಗಲೂ ಇವೆಯಾ?

ಇವೆ. ನಮ್ಮ ನಾಡಿನಲ್ಲಿ ಬಡ ಮಕ್ಕಳು ಓದಿದ್ದೇ ಹೀಗೆ. ಒಂದು ಕಾಲಕ್ಕೆ ವಾರಾನ್ನ ಇತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ತುಮಕೂರಿನ ಸಿದ್ಧಗಂಗಾ ಮಠ, ಸುತ್ತೂರು ಮಠ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಸಾವಿರಾರು ಜನ. ಬೆಂಗಳೂರಿನಲ್ಲೂ ಬೇರೆ ಬೇರೆ ಸಮುದಾಯಗಳ ಸಂಘಗಳು ಹಾಸ್ಟೆಲ್ ನಡೆಸುತ್ತವೆ. ಇವುಗಳಿಗೆ ಜಾಹೀರಾತು ಇರೋದಿಲ್ಲ. ಊರಿನ ಹಿರಿಯರನ್ನು, ನಿಮ್ಮ ಹೈಸ್ಕೂಲ್ ಮೇಷ್ಟ್ರನ್ನು ಕೇಳಿದರೆ ದಾರಿ ಸಿಗುತ್ತೆ. ಅರ್ಜಿ ಬೇಗ ಮುಗಿಯುತ್ತೆ, ಅಂಕಪಟ್ಟಿ ಬಂದ ವಾರವೇ ಹೋಗಿ.

ಎಜುಕೇಶನ್ ಲೋನ್‌ನಲ್ಲಿ ಬಾಡಿಗೆಯೂ ಸೇರುತ್ತಾ?

ಸೇರುತ್ತೆ. ಹಾಸ್ಟೆಲ್ ಫೀಸು ಮಾತ್ರ ಅಲ್ಲ, ಹೊರಗಡೆ ಉಳಿಯುವುದಾದರೆ ನ್ಯಾಯವಾದ ವಸತಿ, ಊಟದ ಖರ್ಚನ್ನೂ ಬ್ಯಾಂಕು ಪರಿಗಣಿಸುತ್ತೆ. ಮ್ಯಾನೇಜರ್ ಹೇಳದಿದ್ದರೆ ನೀವೇ ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಮಾರ್ಜಿನ್ ಹಣ (ನಾವು ಕೈಯಿಂದ ಹಾಕಬೇಕಾದ ಪಾಲು) ಇಲ್ಲ, 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ದೇಶದ ಆಯ್ದ ಮೇಲ್ಮಟ್ಟದ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದ್ದರೆ 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ.

ಸಾಲಕ್ಕೆ ಹೋಗುವ ಮುಂಚೆ 'ಅರಿವು' ಯೋಜನೆಯನ್ನು ವಿಚಾರಿಸಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಸಿಇಟಿ ಮೂಲಕ ಸೇರಿದವರಿಗೆ ಬಹಳ ಕಡಿಮೆ ಬಡ್ಡಿಗೆ ಕೊಡುವ ಸಾಲ ಅದು. ಬಾಡಿಗೆ ಕಟ್ಟಲು ಆ್ಯಪ್‌ಗಳಲ್ಲಿ ಸಿಗುವ ದಿಢೀರ್ ಸಾಲ ಮಾತ್ರ ಬೇಡವೇ ಬೇಡ.

ಹಾಸ್ಟೆಲ್ ಫೀಸಿಗೆ ಆದಾಯ ತೆರಿಗೆ ವಿನಾಯಿತಿ ಇದೆಯಾ?

ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಬೋಧನಾ ಶುಲ್ಕಕ್ಕೆ ಮಾತ್ರ ವಿನಾಯಿತಿ. ಶಿಕ್ಷಣ ಸಾಲದ ಬಡ್ಡಿಗೂ ವಿನಾಯಿತಿ ಇದೆ, ಅದೂ ಹಳೇ ಪದ್ಧತಿಯಲ್ಲೇ.

ತುಮಕೂರು, ರಾಮನಗರದಿಂದ ದಿನಾ ಓಡಾಡಿದರೆ ಉಳಿತಾಯ ಆಗಲ್ವಾ?

ದುಡ್ಡು ಉಳಿಯುತ್ತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೇ ಇಲ್ಲ. ಎಷ್ಟೋ ಮನೆಗಳಲ್ಲಿ ಮಗಳ ಓದು ನಿಲ್ಲದೆ ಮುಂದುವರಿದಿರೋದು ಇದರಿಂದಲೇ. ಹುಡುಗರಿಗೆ ವಿದ್ಯಾರ್ಥಿ ಬಸ್ ಪಾಸ್ ಇದೆ, ರೈಲಿನ ಸೀಸನ್ ಟಿಕೆಟ್‌ನಲ್ಲೂ ರಿಯಾಯಿತಿ ಇದೆ.

ಆದರೆ ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಯಶವಂತಪುರ ತಲುಪಿದ ಮೇಲೂ ಕಾಲೇಜಿಗೆ ಇನ್ನೊಂದು ಗಂಟೆ ಆಗಬಹುದು. ದಿನಕ್ಕೆ ಐದು ಗಂಟೆ ದಾರಿಯಲ್ಲೇ ಹೋದರೆ ಓದೋದು ಯಾವಾಗ? ಹೋಗಿ ಬರಲು ಮೂರು ಗಂಟೆಯೊಳಗಾದರೆ ಓಡಾಡಿ, ಅದಕ್ಕಿಂತ ಜಾಸ್ತಿ ಆದರೆ ಲ್ಯಾಬ್ ಪರೀಕ್ಷೆ ಇರುವ ಸೆಮಿಸ್ಟರ್‌ಗಳಲ್ಲಾದರೂ ಹತ್ತಿರ ಇರಿ.

ಮೆಟ್ರೊ ನಂಬಿಕೊಂಡು ದೂರದಲ್ಲಿ ಅಗ್ಗದ ರೂಮ್ ಹಿಡಿಯುವವರಿಗೆ ಒಂದು ಮಾತು: 2025ರ ಫೆಬ್ರುವರಿಯಲ್ಲಿ ದರ ಏರಿ, ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಬಾಡಿಗೆಯಲ್ಲಿ ಉಳಿಸಿದ್ದು ಟಿಕೆಟ್‌ಗೆ ಹೋಗುತ್ತಾ ನೋಡಿಕೊಳ್ಳಿ.

ಬಾಡಿಗೆ ಮನೆಗೆ ಗೃಹಜ್ಯೋತಿ (ಉಚಿತ ಕರೆಂಟ್) ಸಿಗುತ್ತಾ?

ವಾಸದ ಮೀಟರ್ ಇದ್ದರೆ ಬಾಡಿಗೆದಾರರಿಗೂ ಸಿಗುತ್ತೆ. ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ಖಾಲಿ ಮಾಡುವಾಗ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ತೊಂದರೆ.

'ಬ್ಯಾಚುಲರ್ಸ್‌ಗೆ ಕೊಡಲ್ಲ', 'ನೀವು ಯಾವ ಜನ' ಅಂತ ಕೇಳುತ್ತಾರೆ. ಏನು ಮಾಡೋದು?

ಈ ಪ್ರಶ್ನೆ ಬರೆಯುವ ಮಕ್ಕಳ ನೋವು ನನಗೆ ಅರ್ಥವಾಗುತ್ತೆ. ದಲಿತ ಮಕ್ಕಳಿಗೆ, ಮುಸ್ಲಿಂ ಮಕ್ಕಳಿಗೆ, ಮಾಂಸ ತಿನ್ನುವವರಿಗೆ ಬಾಗಿಲಲ್ಲೇ ಇಲ್ಲ ಅನ್ನುವ ಮನೆಗಳು ಈ ಊರಿನಲ್ಲಿ ಇವೆ. ಹೀಗೆ ಹತ್ತು ಮನೆ ತಪ್ಪಿದಾಗ ಹನ್ನೊಂದನೆಯದನ್ನು ಅವರು ಜಾಸ್ತಿ ಬಾಡಿಗೆಗೆ ಹಿಡಿಯಬೇಕಾಗುತ್ತೆ. ತಾರತಮ್ಯಕ್ಕೂ ಒಂದು ಬೆಲೆ ಇದೆ, ಅದನ್ನು ತೆರುವವರು ಈ ಮಕ್ಕಳೇ. ಇದು ಅನ್ಯಾಯ.

ಸದ್ಯಕ್ಕೆ ಒಬ್ಬರೇ ಹುಡುಕಬೇಡಿ. ಕಾಲೇಜಿನ ಸೀನಿಯರ್‌ಗಳ ಜೊತೆ ಹೋಗಿ. ಈಗಾಗಲೇ ವಿದ್ಯಾರ್ಥಿಗಳು ಇರುವ ಬೀದಿಗಳಲ್ಲಿ ಹುಡುಕಿ. ಜಾತಿ ಹೆಸರು ಹಿಡಿದು ಅವಮಾನ ಮಾಡಿದರೆ ಪೊಲೀಸರಿಗೆ ದೂರು ಕೊಡುವ ಹಕ್ಕು ನಿಮಗಿದೆ. ಕಾಲೇಜುಗಳು ತಾವೇ ಮನೆ ಮಾಲೀಕರ ಪಟ್ಟಿ ಇಟ್ಟುಕೊಂಡು ಮಕ್ಕಳಿಗೆ ಕೊಟ್ಟರೆ ಈ ಅಲೆದಾಟ ಎಷ್ಟೋ ಕಡಿಮೆಯಾಗುತ್ತೆ. ನಿಮ್ಮ ಕಾಲೇಜಿನಲ್ಲಿ ಇದನ್ನು ಕೇಳಿ.

ಖಾಲಿ ಮಾಡಿ ಎರಡು ತಿಂಗಳಾಯಿತು, ಅಡ್ವಾನ್ಸ್ ಕೊಟ್ಟಿಲ್ಲ. ದಾರಿ ಏನು?

ಪಿಜಿಯಾದರೆ ಅದು ಸೇವೆ, ನೀವು ಗ್ರಾಹಕರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮನೆ ಬಾಡಿಗೆಯಾದರೆ ಮೊದಲು ಬರಹದಲ್ಲಿ ಕೇಳಿ, ಆಮೇಲೆ ವಕೀಲರ ನೋಟಿಸ್. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅವರ ಸಹಾಯವಾಣಿ 15100. ಎರಡಕ್ಕೂ ಬೇಕಾದ ಸಾಕ್ಷಿ ಒಂದೇ: ದುಡ್ಡು ಕೊಟ್ಟ ದಾಖಲೆ, ಅಗ್ರಿಮೆಂಟ್, ಖಾಲಿ ಮಾಡುತ್ತೇನೆ ಅಂತ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜು, ಮತ್ತು ಸೇರಿದ ದಿನ, ಬಿಟ್ಟ ದಿನ ತೆಗೆದ ರೂಮಿನ ವಿಡಿಯೊ.

ವರ್ಷದ ಮಧ್ಯದಲ್ಲೇ ಬಾಡಿಗೆ ಏರಿಸಿದರೆ?

ಅಗ್ರಿಮೆಂಟ್ ಅವಧಿಯಲ್ಲಿ ಒಪ್ಪಿದ್ದಕ್ಕಿಂತ ಜಾಸ್ತಿ ಕೊಡಬೇಕಿಲ್ಲ. ಅಗ್ರಿಮೆಂಟ್ ಇಲ್ಲದೆ ತಿಂಗಳ ಲೆಕ್ಕದಲ್ಲಿ ಬಾಡಿಗೆ ಮನೆಯಲ್ಲಿದ್ದರೂ, ಬಿಡಿಸಲು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು ಅನ್ನುತ್ತೆ ಕಾನೂನು. 'ನಾಳೆಯೇ ಖಾಲಿ ಮಾಡು' ಅಂದರೆ ಹೆದರಬೇಡಿ. ಪಿಜಿಯಲ್ಲಾದರೆ ಎಲ್ಲರೂ ಸೇರಿ ಮಾತಾಡಿ. ಪರೀಕ್ಷೆ ಹತ್ತಿರ ಇರುವಾಗ ಒಬ್ಬರನ್ನು ಹೊರಗೆ ಕಳಿಸೋದು ಸುಲಭ, ಇಡೀ ಮಹಡಿಯನ್ನು ಖಾಲಿ ಮಾಡಿಸೋದು ಮಾಲೀಕರಿಗೂ ನಷ್ಟ.